300 ಎಂಬಿ ಖಾಲಿ ಇದೆ, ಆದರೂ ಕರ್ನಲ್ 64 ಕೆಬಿ ಕೊಡಲ್ಲ ಅಂತಿದೆ

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಮಂಡ್ಯದವನು, ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. 1 ಜಿಬಿ ರ‍್ಯಾಮ್‌ನ ಲಿನಕ್ಸ್ ಬೋರ್ಡ್‌ಗೆ ಸೆನ್ಸರ್ ಡ್ರೈವರ್ ಬರೆದಿದ್ದೇನೆ. ಎರಡು ದಿನ ಚೆನ್ನಾಗಿ ಓಡುತ್ತದೆ. ಮೂರನೇ ದಿನ ಡಿವೈಸ್ ಓಪನ್ ಮಾಡಿದರೆ ಲಾಗ್‌ನಲ್ಲಿ ‘ಪೇಜ್ ಅಲೊಕೇಶನ್ ಫೇಲ್ಯೂರ್, ಆರ್ಡರ್ 4’ ಅಂತ ಬರುತ್ತದೆ. ಓಪನ್ ಆದಾಗಲೆಲ್ಲ ಕೆಮ್ಯಾಲಕ್‌ನಲ್ಲಿ (ಲಿನಕ್ಸ್‌ನ ತಿರುಳಾದ ಕರ್ನಲ್ ಹತ್ತಿರ ಮೆಮೊರಿ ಕೇಳುವ ಫಂಕ್ಷನ್) 64 ಕೆಬಿ ಬಫರ್ ತಗೊಳ್ತೇನೆ. ಫ್ರೀ ಕಮಾಂಡ್ 300 ಎಂಬಿ ಖಾಲಿ ಅಂತ ತೋರಿಸುತ್ತದೆ. ರೀಬೂಟ್ ಮಾಡಿದರೆ ಸರಿಹೋಗುತ್ತದೆ. ಬೋರ್ಡೇ ಕೆಟ್ಟಿದೆ, ಹೊಸದು ತರಿಸೋಣ ಅಂತಾರೆ ನಮ್ಮ ಮ್ಯಾನೇಜರ್. ಹೌದಾ?

ಉತ್ತರ: ಸುಮ್ನೆ ದುಡ್ಡು ದಂಡ, ತಡೀರಿ. ಆ ಸಾಲಿನಲ್ಲಿ ಮೊದಲು ಓದಬೇಕಾದ್ದು ‘ಆರ್ಡರ್ 4’. ಅಂದರೆ 2ರ 4ನೇ ಘಾತ, 16 ಪೇಜ್. ಪೇಜ್ ಅಂದರೆ ಕರ್ನಲ್ ಮೆಮೊರಿ ಹಂಚುವ ಒಂದು ತುಂಡು. ಪೇಜಿಗೆ 4 ಕೆಬಿಯಂತೆ 64 ಕೆಬಿ. ಕೆಮ್ಯಾಲಕ್‌ಗೆ ಈ 16 ಪೇಜೂ ರ‍್ಯಾಮ್‌ನಲ್ಲಿ ಒಂದಕ್ಕೊಂದು ಅಂಟಿಕೊಂಡೇ ಇರಬೇಕು.

ಮಂಡ್ಯದವರಿಗೆ ಹೀಗೆ ಹೇಳಿದರೆ ಬೇಗ ಗೊತ್ತಾಗುತ್ತದೆ. ಊರಲ್ಲಿ ಎರಡು ಎಕರೆ ಖಾಲಿ ಇದೆ, ಆದರೆ ಇಲ್ಲೊಂದು ಗುಂಟೆ, ಅಲ್ಲೆರಡು ಗುಂಟೆ. ಆಲೆಮನೆಗೆ ಒಂದೇ ಕಡೆ ಹತ್ತು ಗುಂಟೆ ಬೇಕು ಅಂದರೆ ಎಲ್ಲಿಂದ ತರ್ತೀರಿ? ಫ್ರೀ ಕಮಾಂಡ್ ಎಕರೆ ಲೆಕ್ಕ ಮಾತ್ರ ಹೇಳುತ್ತದೆ.

ಚೂರಿನ ಲೆಕ್ಕ ಪ್ರಾಕ್ (/proc) ಫೋಲ್ಡರ್ ಒಳಗಿನ ಬಡ್ಡಿಇನ್ಫೋ (buddyinfo) ಫೈಲ್‌ನಲ್ಲಿದೆ. (ಸಾಲದ ಬಡ್ಡಿ ಅಂದುಕೊಂಡು ಗಾಬರಿ ಆಗಬೇಡಿ.) ಎಡದಿಂದ ಬಲಕ್ಕೆ ಆರ್ಡರ್ 0, 1, 2... ಒಂದೊಂದರಲ್ಲಿ ಎಷ್ಟು ತುಂಡು ಖಾಲಿ ಅನ್ನೋ ಅಂಕಿ. ಆರ್ಡರ್ 3ರವರೆಗೆ ಕರ್ನಲ್ ಹೇಗಾದರೂ ಕೊಡೋಕೆ ಒದ್ದಾಡುತ್ತದೆ. ಅದರ ಮೇಲೆ ಕೇಳಿದರೆ ಬೇಗ ಕೈಚೆಲ್ಲುತ್ತದೆ.

ಬಫರ್ ಡಿಎಂಎಗೆ (ಸಿಪಿಯು ನಡುವೆ ಬರದೆ ಹಾರ್ಡ್‌ವೇರೇ ನೇರ ಮೆಮೊರಿ ಓದಿ ಬರೆಯೋದು) ಹೋಗದಿದ್ದರೆ ಕೆವಿಮ್ಯಾಲಕ್ ಬಳಸಿ. ಒಟ್ಟಾಗಿ ಸಿಗದಿದ್ದರೆ ಅದು ಚೂರುಗಳನ್ನೇ ಸಾಲಾಗಿ ಕಾಣುವಂತೆ ಜೋಡಿಸಿ ಕೊಡುತ್ತದೆ. ಬಿಡುವಾಗ ಕೆವಿಫ್ರೀ ಹಾಕಿ. ಅಲ್ಲಿ ಕೆಫ್ರೀ ಹಾಕಿ ನಾನು ಒಂದು ಶನಿವಾರ ಪೂರ್ತಿ ಕಳೆದಿದ್ದೇನೆ. ಡಿಎಂಎ ಇದ್ದರೆ ಪ್ರೋಬ್‌ನಲ್ಲೇ (ಡ್ರೈವರ್‌ಗೆ ಡಿವೈಸ್ ಸಿಕ್ಕಾಗ ಓಡುವ ಫಂಕ್ಷನ್) ಒಮ್ಮೆ ತಗೊಂಡು ಇಟ್ಟುಕೊಳ್ಳಿ. ಬೂಟ್ ಆಗುವ ಹೊತ್ತಿಗೆ ಜಾಗ ಇನ್ನೂ ಚೂರಾಗಿರಲ್ಲ.

ಆದರೆ ಮೂರೇ ದಿನಕ್ಕೆ ಇಷ್ಟು ಚೂರಾಗಿದ್ದು ಯಾಕೆ? ನನಗೆ ಅನುಮಾನ ಇರೋದು ಅಲ್ಲಿ. ಪ್ರಾಕ್‌ನಲ್ಲೇ ಸ್ಲ್ಯಾಬ್‌ಇನ್ಫೋ ಅಂತ ಇನ್ನೊಂದು ಫೈಲ್ ಇದೆ, ಪೇಜನ್ನು ಕತ್ತರಿಸಿ ಕೊಟ್ಟ ಸಣ್ಣ ತುಂಡುಗಳ (ಸ್ಲ್ಯಾಬ್) ಲೆಕ್ಕ ಅಲ್ಲಿರುತ್ತದೆ. ಅದರ ಕೆಮ್ಯಾಲಕ್ ಸಾಲುಗಳನ್ನು ಬೆಳಿಗ್ಗೆ, ಸಂಜೆ ಬರೆದಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು: ನೋಡಿದೆ ಮೇಡಂ. ಬಡ್ಡಿಇನ್ಫೋದಲ್ಲಿ 31204, 14310, 3902, 212, ಆಮೇಲೆ ಬರೀ ಸೊನ್ನೆ. ಕೂಡಿಸಿದರೆ 301 ಎಂಬಿ, ಫ್ರೀ ಕಮಾಂಡ್ ಸುಳ್ಳು ಹೇಳಿಲ್ಲ! ಸ್ಲ್ಯಾಬ್‌ಇನ್ಫೋದಲ್ಲಿ ಕೆಮ್ಯಾಲಕ್-256 (256 ಬೈಟ್ ತುಂಡುಗಳು) ಮಾತ್ರ ಬೆಳಿಗ್ಗೆ 1,90,000 ಇದ್ದದ್ದು ಸಂಜೆ 2,60,000.

ಉತ್ತರ: ಸಿಕ್ಕಿಬಿತ್ತು. ಸೋರಿಕೆ ಇದೆ, ತಗೊಂಡ ಮೆಮೊರಿ ಎಲ್ಲೋ ವಾಪಸ್ ಕೊಡ್ತಿಲ್ಲ. ಚೂರುಗಳನ್ನು ಒಂದು ಕಡೆ ಸೇರಿಸೋಣ ಅಂತ ಕರ್ನಲ್ ಕಂಪ್ಯಾಕ್ಷನ್‌ಗೆ ಹೊರಟರೆ ಈ ಸ್ಲ್ಯಾಬ್ ಪೇಜ್‌ಗಳನ್ನು ಸರಿಸೋಕೆ ಆಗಲ್ಲ. ಖಾಲಿ ಜಾಗದ ನಡುನಡುವೆ ನಿಮ್ಮ 256 ಬೈಟ್ ಗೂಟ ಹೊಡೆದುಕೊಂಡು ಕೂತಿದೆ. ಕೆಮೆಮ್‌ಲೀಕ್ (ಸೋರಿಕೆ ಹುಡುಕುವ ಕರ್ನಲ್ ಸೌಲಭ್ಯ) ಆನ್ ಮಾಡಿ ಕರ್ನಲ್ ಬಿಲ್ಡ್ ಮಾಡಿ. ಒಂದು ಗಂಟೆ ಓಡಿಸಿ, ಡೀಬಗ್‌ಎಫ್‌ಎಸ್‌ನಲ್ಲಿರುವ (ಕರ್ನಲ್ ಡೀಬಗ್ ಫೈಲ್‌ಗಳ ಜಾಗ) ಅದರ ಫೈಲ್‌ಗೆ ‘ಸ್ಕ್ಯಾನ್’ ಅಂತ ಬರೆದು, ಆಮೇಲೆ ಅದೇ ಫೈಲ್ ಓದಿ. ಯಾವ ಪಾಯಿಂಟರೂ ಹಿಡಿದಿಲ್ಲದ ಮೆಮೊರಿಯನ್ನು ಯಾವ ಫಂಕ್ಷನ್ ತಗೊಂಡಿತ್ತು ಅಂತ ಬ್ಯಾಕ್‌ಟ್ರೇಸ್ ಸಮೇತ ಇರುತ್ತದೆ.

ಇನ್ನೊಬ್ಬರು: ನಡುವೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನನ್ನ ಊಪ್ಸ್‌ನಲ್ಲಿ (ಕರ್ನಲ್ ಎಡವಿದಾಗ ಲಾಗ್‌ಗೆ ಬರೆಯುವ ವರದಿ) ಒಂದು ರಿಜಿಸ್ಟರ್ ಪೂರ್ತಿ 6ಬಿ6ಬಿ6ಬಿ6ಬಿ ಅಂತಿದೆ. ಅದೂ ಇದೇನಾ?

ಉತ್ತರ: ನಿಮ್ಮದು ಬೇರೆ. ಸ್ಲಬ್ ಡೀಬಗ್ (ಸಣ್ಣ ತುಂಡುಗಳ ಮೆಮೊರಿ ತಪ್ಪು ಹಿಡಿಯುವ ಆಯ್ಕೆ) ಆನ್ ಇದೆ ಅಲ್ವಾ? ಫ್ರೀ ಆದ ಜಾಗಕ್ಕೆ ಅದು 6ಬಿ ಬಳಿದಿಡುತ್ತದೆ. ಖಾಲಿ ಮಾಡಿಕೊಟ್ಟ ಮನೆಗೆ ಹಳೇ ಕೀಲಿ ಹಿಡಿದು ಮತ್ತೆ ಹೋಗಿದ್ದೀರಿ. ಕೆಎಸಾನ್ (KASAN, ಮೆಮೊರಿ ತಪ್ಪು ಹಿಡಿಯುವ ಕರ್ನಲ್ ಸಾಧನ) ಹಾಕಿ ಓಡಿಸಿ, ಯಾರು ಫ್ರೀ ಮಾಡಿದ್ದು, ಯಾರು ಮುಟ್ಟಿದ್ದು ಎರಡೂ ಹೇಳುತ್ತದೆ.

ಪ್ರಶ್ನೆ ಕೇಳಿದವರು: ಸಿಕ್ತು ಮೇಡಂ! ರೀಡ್ ಫಂಕ್ಷನ್‌ನಲ್ಲಿ ಸೆನ್ಸರ್ ಟೈಮ್‌ಔಟ್ ಆದರೆ ನೇರ ರಿಟರ್ನ್ ಆಗ್ತಿತ್ತು. ನಾಲ್ಕು ಸಾಲು ಮೇಲೆ ತಗೊಂಡಿದ್ದ ಸ್ಟ್ರಕ್ಟ್ ಹಾಗೇ ಉಳೀತಿತ್ತು. ಒಂದೇ ಒಂದು ಕೆಫ್ರೀ ಸೇರಿಸಿದೆ, ಬಫರ್ ಕೆವಿಮ್ಯಾಲಕ್‌ಗೆ ಬದಲಾಯಿಸಿದೆ. ಇವತ್ತಿಗೆ ಆರನೇ ದಿನ, ಓಡ್ತಾ ಇದೆ. ಹೊಸ ಬೋರ್ಡ್ ನಿನ್ನೆ ಕೊರಿಯರ್‌ನಲ್ಲಿ ಬಂತು. ಡಬ್ಬಿ ಇನ್ನೂ ಯಾರೂ ಬಿಚ್ಚಿಲ್ಲ.