ಸಿಟ್ಟಿನ ಜೀನ್ ಮತ್ತು ನವಲಗುಂದದ ಸಂಬಂಧ

(ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಬುಧವಾರ ರಾತ್ರಿ ನಡೆದ ಮಾತು. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೆ; ‘ತಮ್ಮ’ ಅಂದರೆ ಗದಗ ಕಾಕಾನ ಮಗ.)

ಗದಗ ಕಾಕಾ: (ಫಾರ್ವರ್ಡ್) ವಿಜ್ಞಾನಿಗಳಿಗೆ ಸಿಟ್ಟಿನ ಜೀನ್ ಸಿಕ್ಕಿದೆ! ಗುಣ, ಬುದ್ಧಿ, ಹುಚ್ಚು ಎಲ್ಲಾ ರಕ್ತದಲ್ಲೇ ಬರುತ್ತದೆ. ಹೆಣ್ಣು ತರುವ ಮೊದಲು ಮೂರು ತಲೆಮಾರು ನೋಡಿ. ಎಲ್ಲರಿಗೂ ಕಳಿಸಿ.

ಗದಗ ಕಾಕಾ: ನಮ್ಮ ಹಿರಿಯರು ಸುಮ್ನೆ ಹೇಳಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು.

ಹಾವೇರಿ ಅತ್ತಿ: ಅದಕ್ಕೇ ನಾನು ನವಲಗುಂದದ ಸಂಬಂಧ ಬೇಡ ಅಂದಿದ್ದು. ಹುಡುಗಿ ಬಂಗಾರದಂಥವಳು, ಇಲ್ಲ ಅನ್ನಲ್ಲ. ಆದರೆ ಅವಳ ಸೋದರಮಾವನಿಗೆ ಸ್ಕಿಜೋಫ್ರೇನಿಯಾ ಅನ್ನೋ ಮನಸ್ಸಿನ ಕಾಯಿಲೆ ಅಂತೆ. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಯಲ್ಲಿ ಮಾತ್ರೆ ಬರೆಸಿಕೊಂಡು ಬರುತ್ತಾರಂತೆ.

ಅಣ್ಣ: ಜೀನ್ ಗೀನ್ ಎಲ್ಲಾ ಸುಳ್ಳು ಕಾಕಾ. ಬೆಳೆಸಿದ ಹಾಗೆ ಮಕ್ಕಳು. ಮನಸ್ಸು ಗಟ್ಟಿ ಇದ್ದರೆ ಯಾವ ಹುಚ್ಚೂ ಹಿಡಿಯಲ್ಲ.

ನಾನು: ಕಾಕಾ, ಧಾರವಾಡದಲ್ಲಿ ಎರಡು ವರ್ಷ ಮನಶ್ಶಾಸ್ತ್ರ ಓದಿದ್ದೇನೆ. ಇವತ್ತು ಸುಮ್ಮನೆ ಕೂರಲು ಆಗಲ್ಲ. ಉದ್ದ ಬರೆಯುತ್ತೇನೆ, ಓದಿ.

ನಾನು: ಮೊದಲು ಅಣ್ಣನಿಗೆ. ಮನಸ್ಸು ಗಟ್ಟಿ ಇದ್ದರೆ ಸಾಕು ಅಂತೀಯಲ್ಲ, ಅವ್ವನನ್ನು ಮರೆತೆಯಾ? ಎರಡು ವರ್ಷ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ರೊಟ್ಟಿ ಬಡಿಯುತ್ತಾ ನಡುವೆಯೇ ಕೂತು ಅಳುತ್ತಿದ್ದಳು. ಮನೆಯವರೆಲ್ಲ ಸೋಮಾರಿ ಅಂದೆವು, ನಾನೂ ಅಂದೆ. ಒಬ್ಬ ಡಾಕ್ಟರ್ ಅಂತೂ ಮುಟ್ಟಿಯೂ ನೋಡದೆ ‘ಸುಮ್ನೆ ಮನಸ್ಸಿಗೆ ಹಚ್ಚಿಕೊಂಡಿದ್ದಾರೆ, ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ’ ಅಂದರು. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಕಡಿಮೆ. ಕುತ್ತಿಗೆಯಲ್ಲಿರುವ ಒಂದು ಸಣ್ಣ ಗ್ರಂಥಿ ತನ್ನ ಹಾರ್ಮೋನ್ ಸಾಕಷ್ಟು ಮಾಡದಿದ್ದರೆ ಮೈ ಭಾರ, ಮನಸ್ಸೂ ಭಾರ. ಮಾತ್ರೆ ಶುರುವಾದ ಕೆಲವು ತಿಂಗಳಿಗೆ ಅವ್ವ ಮತ್ತೆ ಮೊದಲಿನ ಅವ್ವ ಆದಳು. ಆ ಎರಡು ವರ್ಷ ನಾವು ಆಡಿದ ಮಾತು ನನಗೆ ಇನ್ನೂ ಚುಚ್ಚುತ್ತದೆ. ನಡವಳಿಕೆಗೆ ದೇಹದಲ್ಲೂ ಕಾರಣ ಇರುತ್ತದೆ ಅಂತ ಗೊತ್ತಿದ್ದಿದ್ದರೆ ಅವಳನ್ನು ಬೈಯುತ್ತಿರಲಿಲ್ಲ, ಅಲ್ವಾ?

ಅಣ್ಣ: ಅವ್ವನ ಮಾತು ಬೇರೆ.

ವರ್ಕ್‌ಶಾಪ್ ಮಾಮಾ: ಬೇರೆ ಹೇಗಪ್ಪಾ? ತಲೆಯಲ್ಲಿ ಸರಳು ಹೊಕ್ಕ ರೈಲ್ವೆಯವನ ಕಥೆ ನಾನೂ ಕೇಳಿದ್ದೇನೆ. ಬದುಕಿದ, ಆದರೆ ಸ್ವಭಾವವೇ ಬದಲಾಯಿತಂತೆ.

ನಾನು: ಹೌದು ಮಾಮಾ, ಫಿನಿಯಸ್ ಗೇಜ್. 1848, ಅಮೆರಿಕದ ವರ್ಮಾಂಟ್. ರೈಲು ಹಳಿಗಾಗಿ ಬಂಡೆ ಒಡೆಸುತ್ತಿದ್ದ ಮೇಸ್ತ್ರಿ. ಮದ್ದು ಸಿಡಿದು ಒಂದು ಮೀಟರಿಗಿಂತ ಉದ್ದದ ಕಬ್ಬಿಣದ ಸರಳು ಕೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಗೆ ಹೋಯಿತು. ಮಿದುಳಿನ ಮುಂಭಾಗ ಕೆಟ್ಟಿತು. ಶಾಂತವಾಗಿದ್ದವನು ಒರಟಾದ, ಹಟಮಾರಿಯಾದ ಅಂತ ನೋಡಿಕೊಂಡ ಡಾಕ್ಟರ್ ಹಾರ್ಲೋ ಬರೆದರು. ಆದರೆ ಆಮೇಲಿನ ಸಂಗತಿಯನ್ನು ಜನ ಹೇಳಲ್ಲ. ಅದೇ ಗೇಜ್ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಸಾರೋಟು ಓಡಿಸಿದ. ಒಂದೇ ಬಂಡಿಗೆ ಹಲವು ಕುದುರೆ, ಜೊತೆಗೆ ಪ್ರಯಾಣಿಕರು. ತಾಳ್ಮೆ ಇಲ್ಲದವನಿಂದ ಆಗುವ ಕೆಲಸ ಅಲ್ಲ ಅದು. ಮಿದುಳಿಗೆ ಅಷ್ಟು ಪೆಟ್ಟು ಬಿದ್ದವನೇ ಎಷ್ಟೋ ಸುಧಾರಿಸಿದ.

ಗದಗ ಕಾಕಾ: ಹಾಗಾದರೆ ನಾನು ಕಳಿಸಿದ್ದು ಸರಿ ಅಂತ ನೀನೇ ಒಪ್ಪಿದೆಯಲ್ಲವ್ವಾ. ಎಲ್ಲಾ ದೇಹದಲ್ಲೇ ಇದೆ.

ನಾನು: ದೇಹದಲ್ಲಿ ಇದೆ ಅಂದರೆ ಬದಲಾಗಲ್ಲ ಅಂತ ಅಲ್ಲ ಕಾಕಾ. ಆ ಸಿಟ್ಟಿನ ಜೀನ್ ಸುದ್ದಿ ಹಳೆಯದು. 1993ರಲ್ಲಿ ಬ್ರುನ್ನರ್ ಎಂಬ ವಿಜ್ಞಾನಿ ಮತ್ತು ಜೊತೆಯವರು ನೆದರ್ಲೆಂಡ್ಸ್‌ನ ಒಂದೇ ಒಂದು ಮನೆತನ ನೋಡಿದರು. ಆ ಮನೆಯ ಕೆಲವು ಸಿಡುಕು ಗಂಡಸರಲ್ಲಿ ಎಂಎಒಎ ಎಂಬ ಜೀನ್ ಕೆಟ್ಟಿತ್ತು. ಸೆರೊಟೋನಿನ್, ಡೋಪಮಿನ್‌ನಂಥ ಮಿದುಳಿನ ರಾಸಾಯನಿಕಗಳನ್ನು ಒಡೆಯುವ ಕಿಣ್ವ ಅವರಲ್ಲಿ ಆಗುತ್ತಲೇ ಇರಲಿಲ್ಲ. ಅಂಥ ದೋಷ ತುಂಬಾ ಅಪರೂಪ.

ನಾನು: ಆದರೆ ಆ ಕಿಣ್ವ ಪೂರ್ತಿ ಇಲ್ಲದೆ ಅಲ್ಲ, ಬರೀ ಕಡಿಮೆ ಇರುವವರು ಬಹಳ ಜನ. 2002ರಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್‌ನ ಹುಡುಗರನ್ನು ನೋಡಿದಾಗ ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ ಇದ್ದರು. ಅವರೆಲ್ಲ ಜಗಳಗಂಟರಾಗಿದ್ದರಾ? ಇಲ್ಲ. ಸಣ್ಣಂದಿನಲ್ಲಿ ಹೊಡೆತ ಬಡಿತ ತಿಂದವರಲ್ಲಿ ಮಾತ್ರ ಆ ಜೀನ್ ಜೋರು ತೋರಿಸಿತು. ಪ್ರೀತಿಯಿಂದ ಬೆಳೆದವರಲ್ಲಿ ಹೆಚ್ಚು ವ್ಯತ್ಯಾಸವೇ ಇರಲಿಲ್ಲ. ಆಮೇಲಿನ ಕೆಲವು ಅಧ್ಯಯನಗಳಲ್ಲಿ ಅಷ್ಟೂ ಕಾಣಲಿಲ್ಲ. ನೀವೇ ಯೋಚಿಸಿ ಕಾಕಾ. ಅದೇ ಮೆಣಸಿನ ಬೀಜ ಎರಿ ಹೊಲದಲ್ಲಿ ಒಂದು ಥರ, ಮಸಾರಿಯಲ್ಲಿ ಇನ್ನೊಂದು ಥರ ಬರುತ್ತದೆ. ಬೆಳೆ ಸೋತ ವರ್ಷ ನೀವು ಬೀಜ ಒಂದನ್ನೇ ಬೈಯುತ್ತೀರಾ?

ಗದಗ ಕಾಕಾ: ಬೀಜ ಜೊಳ್ಳಿದ್ದರೆ ಎಂಥ ಹೊಲ ಆದರೂ ಏನು ಮಾಡೀತು?

ನಾನು: ಅದಕ್ಕೂ ಉತ್ತರ ಇದೆ. ಪಿಕೆಯು (ಫೀನೈಲ್‌ಕೀಟೋನ್ಯೂರಿಯಾ) ಅಂತ ಒಂದು ಕಾಯಿಲೆ, ಪೂರ್ತಿ ಜೀನ್‌ನಿಂದಲೇ ಬರುವುದು. ಆಹಾರದಲ್ಲಿರುವ ಫೀನೈಲ್‌ಅಲನಿನ್ ಎಂಬ ಪ್ರೋಟೀನಿನ ಅಂಶವನ್ನು ಒಡೆಯಲಾಗದೆ ಮಗುವಿನ ಮಿದುಳು ಹಾಳಾಗುತ್ತದೆ. ಹುಟ್ಟಿದ ಕೆಲವೇ ದಿನದಲ್ಲಿ ಪತ್ತೆ ಮಾಡಿ ಅದು ಕಡಿಮೆ ಇರುವ ಪಥ್ಯ ಶುರು ಮಾಡಿದರೆ ಮಗು ಎಲ್ಲರಂತೆ ಬೆಳೆಯುತ್ತದೆ. ಜೀನ್ ಅದೇ, ಊಟ ಮಾತ್ರ ಬೇರೆ.

ಹಾವೇರಿ ಅತ್ತಿ: ಅದೆಲ್ಲ ಇರಲಿ ತಾಯಿ. ನಾಳೆ ನಮ್ಮ ಸೊಸೆಗೂ ಅದೇ ಬಂದರೆ?

ನಾನು: ಅತ್ತಿ, ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ. ಮನೆತನದ ಪಾಲು ಏನೂ ಇಲ್ಲ ಅಂತ ಸುಳ್ಳು ಹೇಳಲ್ಲ. 1991ರಲ್ಲಿ ಇರ್ವಿಂಗ್ ಗಾಟೆಸ್‌ಮನ್ ಎಂಬ ಮನಶ್ಶಾಸ್ತ್ರಜ್ಞ ಯುರೋಪಿನ ಅಧ್ಯಯನಗಳನ್ನೆಲ್ಲ ಸೇರಿಸಿ ಲೆಕ್ಕ ಕೊಟ್ಟರು. ಸಾಮಾನ್ಯ ಜನರಲ್ಲಿ ಸ್ಕಿಜೋಫ್ರೇನಿಯಾ 100ಕ್ಕೆ 1. ಮಾವನಿಗೋ ಕಾಕಾನಿಗೋ ಇದ್ದರೆ ಸುಮಾರು 4. ಅಂದರೆ ನವಲಗುಂದದ ಹುಡುಗಿಯಂಥ 100 ಜನರಲ್ಲಿ 96 ಜನಕ್ಕೆ ಬರಲ್ಲ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲೇ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವುದು ಹತ್ತಿರ ಹತ್ತಿರ ಅರ್ಧದಷ್ಟು ಮಾತ್ರ. ರಕ್ತವೇ ಎಲ್ಲಾ ಆಗಿದ್ದರೆ 100ಕ್ಕೆ 100 ಬರಬೇಕಿತ್ತು.

ನಾನು: ಇನ್ನೊಂದು ಮಾತು. ಹುಡುಗಿಯ ಮನೆಯವರು ಮುಚ್ಚಿಡದೆ ಧಾರವಾಡಕ್ಕೆ ಹೋಗಿ ಮಾತ್ರೆ ತರುತ್ತಿದ್ದಾರೆ. ಎಷ್ಟೋ ಮನೆಯವರು ಸಂಬಂಧ ತಪ್ಪುತ್ತದೆ ಅಂತ ಹೆದರಿ ರೋಗಿಯನ್ನು ಕೋಣೆಯಲ್ಲಿ ಇಡುತ್ತಾರೆ. ಆ ಹೆದರಿಕೆಗೆ ಇಂಥ ಫಾರ್ವರ್ಡೇ ಗೊಬ್ಬರ. ದಯವಿಟ್ಟು ಮುಂದೆ ಕಳಿಸಬೇಡಿ ಕಾಕಾ.

(ಹತ್ತು ನಿಮಿಷ ಯಾರೂ ಬರೆಯಲಿಲ್ಲ.)

ತಮ್ಮ: ಅಕ್ಕಾ, ಎಲ್ಲಾ ಓದಿದೆ. ಅಪ್ಪಾ, ಮೊನ್ನೆ ಹೋದಾಗ ನಮಗೆ ಚಹಾ ತಂದುಕೊಟ್ಟವರೇ ಆ ಮಾವ. ನಿಮ್ಮ ಜೊತೆ ಅರ್ಧ ತಾಸು ಹೆಸರುಬೇಳೆ ರೇಟಿನ ಬಗ್ಗೆ ಮಾತಾಡಿದರಲ್ಲ, ಅವರೇ.

ಗದಗ ಕಾಕಾ: ಅವರಾ?

ಹಾವೇರಿ ಅತ್ತಿ: ನಾನು ಹುಡುಗಿಯ ತಾಯಿಯನ್ನೇ ನೇರವಾಗಿ ಕೇಳುತ್ತೇನೆ. ಮನಸ್ಸಿನಲ್ಲಿ ಇಟ್ಟುಕೊಂಡು ಹೋಗಲು ನನಗೆ ಆಗಲ್ಲ.

ನಾನು: ಕೇಳಿ ಅತ್ತಿ. ಮೆತ್ತಗೆ ಕೇಳಿ. ನಾನೂ ಜೊತೆಗೆ ಬರುತ್ತೇನೆ.

ಗದಗ ಕಾಕಾ: ಭಾನುವಾರ ಬೆಳಗ್ಗೆ ಗಾಡಿ ತರುತ್ತೇನೆ. ಇದನ್ನು ಇನ್ನೂ ಎರಡು ಗುಂಪಿಗೆ ಹಾಕಿದ್ದೆ ಕಣವ್ವಾ, ಅಲ್ಲಿಂದ ತೆಗೆಯುವುದು ಹೇಗೆ?