ನಮ್ಮ ಲೇಬಲ್ ಹಾಕಿ ಚನ್ನಪಟ್ಟಣದ ಆಟಿಕೆ ಮಾರುತ್ತಿದ್ದರೆ ಪ್ರಾಡಕ್ಟ್ ಲಯಬಿಲಿಟಿ ಪಾಲಿಸಿ ಬೇಕಾ?

ಬಣ್ಣದಬುಗುರಿ:
ಚನ್ನಪಟ್ಟಣದ ಕುಶಲಕರ್ಮಿಗಳಿಂದ ಗಿಲಕಿ, ಬುಗುರಿ, ಪೇರಿಸುವ ಬಳೆ ಮಾಡಿಸಿ, ನಮ್ಮದೇ ಹೆಸರಿನ ಡಬ್ಬಿಯಲ್ಲಿ ಮಾರುತ್ತೇವೆ. ಸ್ವಂತ ವೆಬ್‌ಸೈಟ್ ಇದೆ, ಮಾರ್ಕೆಟ್‌ಪ್ಲೇಸ್‌ನಲ್ಲೂ ಇದ್ದೇವೆ. ಗೋದಾಮಿಗೆ ಶಾಪ್‌ಕೀಪರ್ಸ್ ಪಾಲಿಸಿ ಇದೆ. "ಲಯಬಿಲಿಟಿ (ಬೇರೆಯವರಿಗಾದ ಹಾನಿಯ ಹೊಣೆ) ಅದರಲ್ಲೇ ಬರುತ್ತೆ" ಅಂತಾರೆ ಏಜೆಂಟ್. ಆಟಿಕೆಯಿಂದ ಮಗುವಿಗೇನಾದರೂ ಆದರೆ ಅದು ಸಾಕಾ? ಮಾಡಿದವರು ಬೇರೆಯವರಲ್ಲವೇ, ಹೊಣೆ ನಮ್ಮ ಮೇಲೆ ಬರುತ್ತಾ? ಮುಂದೆ ಅಮೆರಿಕಕ್ಕೂ ಕಳಿಸುವ ಯೋಚನೆ ಇದೆ.

ಕಾಯ್ದೆಪುಟ:
ಹೊಣೆ ನಿಮ್ಮದೇ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಸೆಕ್ಷನ್ 2(36) ನೋಡಿ: ಬೇರೆಯವರು ಮಾಡಿದ ವಸ್ತುವಿಗೆ ತನ್ನ ಗುರುತು ಹಾಕುವವನೂ "ತಯಾರಕ". ಲೇಬಲ್ ಅಂಟಿಸಿದ ಕ್ಷಣಕ್ಕೆ ನೀವು ಬರೀ ಮಾರಾಟಗಾರರಾಗಿ ಉಳಿಯುವುದಿಲ್ಲ. ಲೇಬಲ್ ಹಾಕದೆ ಮಾರಿದರೂ, ತಯಾರಕ ಯಾರೆಂದು ತಿಳಿಯದಿದ್ದರೆ ಸೆಕ್ಷನ್ 86ರ ಪ್ರಕಾರ ಹೊಣೆ ಮಾರಿದವರ ಹೆಗಲಿಗೇ.

ಇನ್ನೊಂದು, ಲಿಸ್ಟಿಂಗ್‌ನಲ್ಲಿ "ನವಜಾತ ಶಿಶುವಿಗೂ 100% ಸುರಕ್ಷಿತ" ಎಂದು ಬರೆದಿದ್ದರೆ ಇವತ್ತೇ ತೆಗೆಯಿರಿ. ಅದು ಲಿಖಿತ ಭರವಸೆ. ಭರವಸೆ ಸುಳ್ಳಾದರೆ "ನಮ್ಮ ನಿರ್ಲಕ್ಷ್ಯ ಇರಲಿಲ್ಲ" ಎಂದು ಸಾಬೀತು ಮಾಡಿದರೂ ಸೆಕ್ಷನ್ 84(2)ರಲ್ಲಿ ಬಿಡುಗಡೆ ಇಲ್ಲ. ಅದರ ಬದಲು ವಯಸ್ಸಿನ ಮಿತಿ, ಹಿರಿಯರ ಮೇಲ್ವಿಚಾರಣೆ, ಬಿರುಕು ಬಿಟ್ಟರೆ ಕೊಡಬೇಡಿ ಎಂಬ ಎಚ್ಚರಿಕೆಯನ್ನು ಡಬ್ಬಿಯ ಮೇಲೂ ಲಿಸ್ಟಿಂಗ್‌ನಲ್ಲೂ ಹಾಕಿ.

ಗ್ರಾಹಕ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಗುವಾಹಟಿಯಲ್ಲಿ ಕೇಸಾದರೆ ವಕೀಲರನ್ನು ಅಲ್ಲೇ ಹುಡುಕಬೇಕು. ಪರಿಹಾರದ ಮೊತ್ತಕ್ಕಿಂತ ಈ ಖರ್ಚೇ ಎಷ್ಟೋ ಸಲ ಚಿಕ್ಕ ವ್ಯಾಪಾರವನ್ನು ಕಂಗೆಡಿಸುತ್ತೆ.

ಪಾಲಿಸಿಓದುಗ:
ಶಾಪ್‌ಕೀಪರ್ಸ್ ಪಾಲಿಸಿಯ ಲಯಬಿಲಿಟಿ ಭಾಗ ಸಾಮಾನ್ಯವಾಗಿ ಪಬ್ಲಿಕ್ ಲಯಬಿಲಿಟಿ. ಅಂದರೆ ನಿಮ್ಮ ಜಾಗಕ್ಕೆ ಬಂದವರು ಜಾರಿ ಬಿದ್ದರೆ, ಶೆಲ್ಫ್ ಯಾರ ಮೇಲಾದರೂ ಉರುಳಿದರೆ. ಮಾರಿದ ವಸ್ತು ಗ್ರಾಹಕರ ಮನೆಯಲ್ಲಿ ಮಾಡುವ ಹಾನಿ ಅದರಲ್ಲಿ ಬರುವುದು ಅಪರೂಪ. ಏಜೆಂಟ್ ಬಾಯಿಮಾತು ಬೇಡ, ಪಾಲಿಸಿಯಲ್ಲಿ ಆ ಸಾಲು ಎಲ್ಲಿದೆ ಎಂದು ಇಮೇಲ್‌ನಲ್ಲಿ ಕೇಳಿ.

ಆ ಹಾನಿಗೆಂದೇ ಇರುವ ಪ್ರಾಡಕ್ಟ್ ಲಯಬಿಲಿಟಿ ಪಾಲಿಸಿ ತೆಗೆದುಕೊಳ್ಳುವಾಗ ಜನ ಎಡವುವುದು ಮುಖ್ಯವಾಗಿ ಪ್ರಪೋಸಲ್ ಫಾರಂನಲ್ಲಿ. ವಸ್ತುವಿನ ವಿವರ ಎಂಬಲ್ಲಿ "ಹ್ಯಾಂಡಿಕ್ರಾಫ್ಟ್ಸ್" ಎಂದು ಬರೆದು ಬಿಡುತ್ತಾರೆ, ಪ್ರೀಮಿಯಂ ಕಡಿಮೆ ಬರಲಿ ಅಂತ. ಕ್ಲೇಮ್ ದಿನ ವಿಮಾ ಕಂಪನಿ ಕಳಿಸಿದ ಸರ್ವೇಯರ್ ಕೈಯಲ್ಲಿ ಗಿಲಕಿ ಇರುತ್ತೆ. "ಮರದ ಆಟಿಕೆ, 3 ವರ್ಷದೊಳಗಿನ ಮಕ್ಕಳದ್ದೂ ಸೇರಿ" ಎಂದು ಸ್ಪಷ್ಟವಾಗಿ ಬರೆಯಿರಿ. ವಹಿವಾಟನ್ನು ದೇಶವಾರು ಒಡೆದು ಕೊಡಿ.

ಮಿತಿಗೆ ಎರಡು ಅಂಕಿ ಇರುತ್ತವೆ: ಒಂದು ಘಟನೆಗೆ ಎಷ್ಟು, ಇಡೀ ವರ್ಷಕ್ಕೆ ಎಷ್ಟು. 25 ಲಕ್ಷ, 1:1 ಅಂದರೆ ವರ್ಷಕ್ಕೂ 25 ಲಕ್ಷವೇ. 1:2 ಆದರೆ ವರ್ಷಕ್ಕೆ 50 ಲಕ್ಷ. ವಕೀಲರ ಖರ್ಚು ಸಾಮಾನ್ಯವಾಗಿ ಇದೇ ಮಿತಿಯೊಳಗಿಂದ ಕಳೆಯುತ್ತೆ, ಆದ್ದರಿಂದ ತೀರಾ ಕಡಿಮೆ ಇಡಬೇಡಿ.

ಪಾಲಿಸಿ "ಕ್ಲೇಮ್ಸ್ ಮೇಡ್" ಮಾದರಿಯದ್ದು. ಹಾನಿ ರೆಟ್ರೋಆಕ್ಟಿವ್ ದಿನಾಂಕದ (ರಕ್ಷಣೆ ಯಾವತ್ತಿನಿಂದ ಎಂದು ಪಾಲಿಸಿಯಲ್ಲಿ ಬರೆದಿರುವ ದಿನ) ನಂತರ ಆಗಿರಬೇಕು, ಕ್ಲೇಮ್ ಬರುವ ಹೊತ್ತಿಗೂ ಪಾಲಿಸಿ ಚಾಲ್ತಿಯಲ್ಲಿರಬೇಕು. ಮಾರ್ಚ್ 31ಕ್ಕೆ ಮುಗಿಯುವ ಪಾಲಿಸಿ ಎಂದುಕೊಳ್ಳಿ: ಫೆಬ್ರವರಿಯಲ್ಲಿ ಮಗುವಿಗೆ ಪೆಟ್ಟಾಗಿ, ನೋಟಿಸ್ ಸೆಪ್ಟೆಂಬರ್‌ನಲ್ಲಿ ಬಂದರೆ, ನವೀಕರಿಸದವರಿಗೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ದೂರು ಕೊಡಲು ಗ್ರಾಹಕರಿಗೆ 2 ವರ್ಷ ಕಾಲಾವಕಾಶ ಇದೆ ಎಂಬುದು ನೆನಪಿರಲಿ. ಕಂಪನಿ ಬದಲಿಸಿದರೆ ಹಳೆಯ ರೆಟ್ರೋಆಕ್ಟಿವ್ ದಿನಾಂಕವನ್ನೇ ಮುಂದುವರಿಸಿ ಎಂದು ಬರಹದಲ್ಲಿ ಪಡೆಯಿರಿ.

ಬ್ಯಾಚ್ ವಾಪಸ್ ತರಿಸುವ ಖರ್ಚು, ರೀಫಂಡ್, ಬದಲಿ ವಸ್ತು, ದಂಡ ಇವು ಯಾವುವೂ ಇದರಲ್ಲಿ ಬರುವುದಿಲ್ಲ. ರೀಕಾಲ್ ಪಾಲಿಸಿ ಬೇರೆ. ಪ್ರೀಮಿಯಂ ಮೇಲೆ 18% ಜಿಎಸ್‌ಟಿ ಇದೆ.

ಕುಶಲಕರ್ಮಿಗಳಿಂದ ಇಂಡೆಮ್ನಿಟಿ (ನಷ್ಟವಾದರೆ ತುಂಬಿಕೊಡುತ್ತೇವೆ ಎಂಬ ಕರಾರು) ಬರೆಸಿಕೊಳ್ಳಿ ಎಂದು ಕೆಲವರು ಹೇಳುತ್ತಾರೆ. ಸಣ್ಣ ಲೇತ್ ಇಟ್ಟುಕೊಂಡವರು ಲಕ್ಷಗಟ್ಟಲೆ ಎಲ್ಲಿಂದ ತರಬೇಕು? ಅದು ಕಾಗದದ ಸಮಾಧಾನ ಅಷ್ಟೇ.

ರಫ್ತುಪೆಟ್ಟಿಗೆ:
ಅಮೆರಿಕದ ಮಾತಿಗೆ ಬರೋಣ. ಪಾಲಿಸಿಯಲ್ಲಿ "ಟೆರಿಟರಿ" (ಹಾನಿ ಎಲ್ಲಿ ಆದರೆ ಲೆಕ್ಕಕ್ಕೆ) ಮತ್ತು "ಜ್ಯೂರಿಸ್‌ಡಿಕ್ಷನ್" (ಯಾವ ದೇಶದ ಕೋರ್ಟಿನ ದಾವೆಗೆ) ಎರಡು ಬೇರೆ ಬೇರೆ ಕಾಲಂ. ಟೆರಿಟರಿ ವಿಶ್ವಾದ್ಯಂತ, ಜ್ಯೂರಿಸ್‌ಡಿಕ್ಷನ್ ಭಾರತ ಮಾತ್ರ ಎಂದಿದ್ದರೆ, ಅಮೆರಿಕದ ಕೋರ್ಟಿನಲ್ಲಿ ಹೂಡಿದ ದಾವೆಗೆ ಆ ಪಾಲಿಸಿ ಉಪಯೋಗವಿಲ್ಲ. "ಅಮೆರಿಕ, ಕೆನಡಾ ಹೊರತುಪಡಿಸಿ" ಎಂಬ ಸಾಲೂ ಸಾಮಾನ್ಯ. ಅದನ್ನು ತೆಗೆಸಿದರೆ ಪ್ರೀಮಿಯಂ ಏರುತ್ತೆ, ಆದ್ದರಿಂದ ಅಲ್ಲಿಗೆ ಮಾರುವ ನಿರ್ಧಾರ ಪಕ್ಕಾ ಆದ ಮೇಲೆ ಕೊಟೇಶನ್ ಕೇಳಿ. ಅಮೆಜಾನ್‌ನ ಅಮೆರಿಕ ತಾಣದಲ್ಲಿ ಒಂದು ತಿಂಗಳ ಮಾರಾಟ 10,000 ಡಾಲರ್ ದಾಟಿದರೆ ಪ್ರತಿ ಘಟನೆಗೆ ಕನಿಷ್ಠ 10 ಲಕ್ಷ ಡಾಲರ್ ಮಿತಿಯ ಲಯಬಿಲಿಟಿ ಪಾಲಿಸಿ ಕೇಳುತ್ತಾರೆ, ಆ ಪಾಲಿಸಿಯ ರಕ್ಷಣೆ ಪಡೆಯುವವರಾಗಿ ತಮ್ಮನ್ನೂ ಸೇರಿಸಬೇಕು ಎನ್ನುತ್ತಾರೆ.

ಅದಕ್ಕೂ ಮೊದಲು ಟೆಸ್ಟ್ ರಿಪೋರ್ಟ್. ಮಕ್ಕಳ ಆಟಿಕೆಗೆ ಅಲ್ಲಿ ಎಎಸ್‌ಟಿಎಂ ಎಫ್963 ಎಂಬ ಸುರಕ್ಷತಾ ಮಾನದಂಡದ ಪರೀಕ್ಷೆ, ಅದರ ಮೇಲೆ ಚಿಲ್ಡ್ರನ್ಸ್ ಪ್ರಾಡಕ್ಟ್ ಸರ್ಟಿಫಿಕೇಟ್ ಬೇಕು. ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದು. 3 ವರ್ಷದೊಳಗಿನವರ ಆಟಿಕೆಯ ಯಾವ ತುಂಡೂ, ಬೀಳಿಸಿ ಪರೀಕ್ಷಿಸಿದ ಮೇಲೂ, 31.7 ಮಿ.ಮೀ. ವ್ಯಾಸದ ಪರೀಕ್ಷಾ ಕೊಳವೆಯೊಳಗೆ ಪೂರ್ತಿ ಇಳಿಯಬಾರದು. ಗಿಲಕಿಯ ಒಳಗಿನ ಮಣಿ ಹೊರಬೀಳುವುದು ಇಲ್ಲೇ ಸಿಕ್ಕಿಬೀಳುತ್ತೆ.

ಭಾರತದೊಳಗೂ ಒಂದು ಗುಂಡಿ ಇದೆ. 2021ರ ಜನವರಿ 1ರಿಂದ ಆಟಿಕೆಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳಿಗೆ, ಜಿಐ (ಭೌಗೋಳಿಕ ಗುರುತು) ಅಧಿಕೃತ ಬಳಕೆದಾರರಿಗೆ ವಿನಾಯಿತಿ ಇದೆ ನಿಜ, ಆದರೆ ಅದು ಅವರೇ ತಯಾರಿಸಿ ಮಾರುವ ವಸ್ತುವಿಗೆ. ನಿಮ್ಮ ಲೇಬಲ್‌ಗೆ ಅದು ತಾನಾಗಿ ದಾಟಿ ಬರುತ್ತೆ ಎಂದುಕೊಳ್ಳಬೇಡಿ. ಬಿಐಎಸ್ ಶಾಖಾ ಕಚೇರಿಯಿಂದ ಲಿಖಿತ ಉತ್ತರ ಪಡೆಯಿರಿ. ಕಾನೂನು ಪಾಲಿಸಿಲ್ಲ ಎಂಬ ಕಾರಣ ಹಿಡಿದು ವಿಮಾ ಕಂಪನಿ ಕ್ಲೇಮ್ ತಳ್ಳಿಹಾಕಬಹುದು.

ಬಣ್ಣದಬುಗುರಿ:
ಬಹಳ ಉಪಕಾರ. ದೂರು ಬಂದೇಬಿಟ್ಟರೆ ಮೊದಲು ಏನು ಮಾಡಬೇಕು?

ಪಾಲಿಸಿಓದುಗ:
ಇನ್ನೂ ಬರೀ ಇಮೇಲ್ ದೂರಾಗಿದ್ದರೂ ಅದೇ ದಿನ ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ. ಗ್ರಾಹಕರಿಗೆ ಸೌಜನ್ಯದ ಉತ್ತರ ಕೊಡಿ, ಆದರೆ "ತಪ್ಪು ನಮ್ಮದೇ" ಎಂದು ಬರೆಯಬೇಡಿ, ಕಂಪನಿಯ ಒಪ್ಪಿಗೆ ಇಲ್ಲದೆ ಹಣ ಕೊಡಬೇಡಿ. ಕ್ಲೇಮ್ ಅಲ್ಲಿಗೇ ಕೆಡುತ್ತೆ. ಮುರಿದ ಆಟಿಕೆಯ ಫೋಟೋ, ಆರ್ಡರ್ ಸಂಖ್ಯೆ ತೆಗೆದಿಡಿ. ಅದೇ ಬ್ಯಾಚ್‌ನ ಸ್ಟಾಕ್ ಮಾರಾಟ ನಿಲ್ಲಿಸಿ, ನಾಲ್ಕೈದು ಪೀಸ್ ಸೀಲ್ ಮಾಡಿಡಿ. ಇದಕ್ಕೆ ಡಬ್ಬಿಯ ಮೇಲೆ ಬ್ಯಾಚ್ ಸಂಖ್ಯೆ ಇರಲೇಬೇಕು: ಯಾರ ಲೇತ್, ಯಾವ ತಿಂಗಳು, ಯಾವ ಅರಗಿನ ಲಾಟ್.

ಕಾಯ್ದೆಪುಟ:
ಗ್ರಾಹಕ ಆಯೋಗದ ನೋಟಿಸ್ ಬಂದರೆ ಲಿಖಿತ ಉತ್ತರಕ್ಕೆ 30 ದಿನ, ಹೆಚ್ಚೆಂದರೆ ಇನ್ನು 15 ದಿನ. 45 ದಾಟಿದರೆ ಉತ್ತರ ಸ್ವೀಕರಿಸುವುದಿಲ್ಲ. ವಿಮಾ ಕಂಪನಿ ವಕೀಲರನ್ನು ಕೊಡಲಿ ಎಂದು ಕಾಯುತ್ತಾ ಕೂತರೆ ಈ ಗಡುವೇ ತಪ್ಪುತ್ತೆ, ಲಕೋಟೆ ತಲುಪಿದ ದಿನಾಂಕವನ್ನು ಅದರ ಮೇಲೇ ಬರೆದಿಡಿ.