ಸಿಆರ್-1 ಇಂಟರ್‌ವ್ಯೂ ಮುಂಬೈಯಲ್ಲಿ: ಯಾವುದು ಮೊದಲು, ಎಲ್ಲಿ ತಡೆಯಾಗುತ್ತದೆ?

ಕೇಳಿದವರು, ಉಡುಪಿ:
ತಂಗಿಗೆ ಅಮೆರಿಕದ ಸಿಆರ್-1 ವೀಸಾದ (ಅಲ್ಲಿನ ಪ್ರಜೆಯ ಗಂಡ ಅಥವಾ ಹೆಂಡತಿಗೆ ನೆಲೆಸಲು ಕೊಡುವ ವೀಸಾ) ಇಂಟರ್‌ವ್ಯೂ ಲೆಟರ್ ಬಂದಿದೆ. ಮುಂಬೈ ಕಾನ್ಸುಲೇಟ್, ಇನ್ನು ಐದು ವಾರ ಉಂಟು. ಭಾವ ಅಮೆರಿಕದ ಪ್ರಜೆ, ಮದುವೆಯಾಗಿ 14 ತಿಂಗಳಾಯಿತು. ತಂಗಿ ಮದುವೆಗೆ ಮುಂಚೆ ಎರಡು ವರ್ಷ ದುಬೈಯಲ್ಲಿ ಕೆಲಸದಲ್ಲಿದ್ದಳು. ಜನನ ಪ್ರಮಾಣಪತ್ರದಲ್ಲಿ ಬರೇ ಹೆಸರು, ಪಾಸ್‌ಪೋರ್ಟಿನಲ್ಲಿ ಜೊತೆಗೆ ಶೆಟ್ಟಿ ಉಂಟು. ಮೆಡಿಕಲ್ ಮಂಗಳೂರಲ್ಲೇ ಮಾಡಿಸಬಹುದಾ? ಯಾವುದನ್ನು ಮೊದಲು ಹಿಡಿಯಬೇಕು? ತಿಳಿದವರು ದಯವಿಟ್ಟು ಹೇಳಿ.

ಸುರತ್ಕಲ್‌ನಿಂದ:
ಮೊದಲು ಮೆಡಿಕಲ್. ಉಳಿದ ಕಾಗದಗಳನ್ನು ವಾರದಲ್ಲಿ ಹೊಂದಿಸಬಹುದು, ಮೆಡಿಕಲ್ ಮಾತ್ರ ನಮ್ಮ ಕೈಯಲ್ಲಿಲ್ಲ. ಕಾನ್ಸುಲೇಟಿನ ಪಟ್ಟಿಯಲ್ಲಿರುವ ಪ್ಯಾನೆಲ್ ವೈದ್ಯರು ಮಾಡಿದ್ದು ಮಾತ್ರ ನಡೆಯುತ್ತದೆ. ಪಟ್ಟಿಯಲ್ಲಿಲ್ಲದ ಆಸ್ಪತ್ರೆ ಎಷ್ಟೇ ದೊಡ್ಡದಿರಲಿ, ಅಲ್ಲಿನ ರಿಪೋರ್ಟನ್ನು ನೋಡುವುದೇ ಇಲ್ಲ. ಇಂಟರ್‌ವ್ಯೂಗೆ ಕನಿಷ್ಠ ಎರಡು ವಾರ ಮೊದಲಿನ ದಿನ ಹಿಡಿಯಿರಿ.

ಪಾಸ್‌ಪೋರ್ಟ್, ಇಂಟರ್‌ವ್ಯೂ ಲೆಟರ್, ಡಿಎಸ್-260ರ (ಆನ್‌ಲೈನ್ ವೀಸಾ ಅರ್ಜಿ) ದೃಢೀಕರಣ ಪುಟ, ಫೋಟೋ, ಚುಚ್ಚುಮದ್ದಿನ ದಾಖಲೆ ಕೊಂಡುಹೋಗಬೇಕು. ಚಿಕ್ಕಂದಿನ ಲಸಿಕೆ ಕಾರ್ಡ್ ಹೆಚ್ಚಿನವರ ಮನೆಯಲ್ಲಿ ಇರುವುದಿಲ್ಲ. ಹಾಗಾದಾಗ ವಯಸ್ಸಿಗೆ ಬೇಕಾದದ್ದನ್ನು ಅಲ್ಲೇ ಕೊಡುತ್ತಾರೆ, ಖರ್ಚು ಹೆಚ್ಚಾಗುತ್ತದೆ ಅಷ್ಟೆ. ಈಚೆಗೆ ಯಾವುದಾದರೂ ಲಸಿಕೆ ತೆಗೆದುಕೊಂಡಿದ್ದರೆ ಆಸ್ಪತ್ರೆಯ ಸೀಲು, ದಿನಾಂಕ ಇರುವ ಚೀಟಿ ಬರೆಸಿಕೊಳ್ಳಿ.

ನಿಜವಾದ ತಡೆ ಎಕ್ಸ್‌-ರೇಯಲ್ಲಿ. ಶ್ವಾಸಕೋಶದಲ್ಲಿ ಹಳೆಯ ಕಲೆ ಕಂಡರೆ ಕಫ ಪರೀಕ್ಷೆಗೆ ಕಳಿಸುತ್ತಾರೆ. ಮೂರು ದಿನ ಮಾದರಿ ಕೊಡಬೇಕು, ಕಲ್ಚರ್ (ಕಫದಲ್ಲಿ ಟಿಬಿ ರೋಗಾಣು ಬೆಳೆಯುತ್ತದಾ ಎಂದು ನೋಡುವ ಪರೀಕ್ಷೆ) ಫಲಿತಾಂಶಕ್ಕೆ 8 ವಾರದವರೆಗೆ ಕಾಯಬೇಕು. ಹಿಂದೆ ಟಿಬಿಗೆ ಔಷಧಿ ಆಗಿದ್ದರೆ ಮುಚ್ಚಿಡುವುದು ಬೇಡ. ಹಳೆಯ ಎಕ್ಸ್‌-ರೇ, ಚಿಕಿತ್ಸೆಯ ಕಾಗದ ಎರಡನ್ನೂ ಕೊಂಡುಹೋಗಿ. ಗರ್ಭಿಣಿಯಾಗಿದ್ದರೆ ಎಕ್ಸ್‌-ರೇಗೆ ಮೊದಲೇ ವೈದ್ಯರಿಗೆ ಹೇಳಬೇಕು.

ಮೆಡಿಕಲ್‌ಗೆ ಸಾಮಾನ್ಯವಾಗಿ 6 ತಿಂಗಳ ಅವಧಿ. ವೀಸಾದ ಕೊನೆಯ ದಿನವೂ ಅದಕ್ಕೇ ಹೊಂದಿಕೊಂಡು ಬರುತ್ತದೆ.

ಕದ್ರಿಯಿಂದ:
ಹೆಸರಿನ ವಿಷಯ. ನಮ್ಮ ಊರಲ್ಲಿ ಇದು ಮನೆಮನೆಯ ಸಮಸ್ಯೆ. ಜನನ ಪತ್ರದಲ್ಲಿ ಬರೇ ಹೆಸರು, ಎಸ್ಸೆಸ್ಸೆಲ್ಸಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಶೆಟ್ಟಿ, ಪೂಜಾರಿ, ರೈ ಅಂತ ಸೇರಿರುತ್ತದೆ. ಅದಕ್ಕಾಗಿಯೇ ವೀಸಾ ನಿಲ್ಲುವುದು ಅಪರೂಪ. ಆದರೆ ಎರಡು ಹೆಸರಿನವರೂ ಒಬ್ಬರೇ ಎಂದು ತೋರಿಸುವ ಹೊಣೆ ನಿಮ್ಮದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆತಾಯಿಯ ಹೆಸರು, ಜನ್ಮದಿನಾಂಕ ಜನನ ಪತ್ರಕ್ಕೆ ತಾಳೆಯಾಗುತ್ತದಾ ನೋಡಿ. ಎರಡು ಹೆಸರೂ ಒಬ್ಬಳದೇ ಎಂದು ನೋಟರಿ ಮುಂದೆ ಒಂದು ಅಫಿಡವಿಟ್ ಮಾಡಿಸಿಡಿ. ಡಿಎಸ್-260ರಲ್ಲಿ ಬೇರೆ ಹೆಸರುಗಳಿವೆಯಾ ಎಂದು ಕೇಳುವ ಕಡೆ ಇದನ್ನು ಬರೆದಿರಬೇಕು. ಬಿಟ್ಟಿದ್ದರೆ ಇಂಟರ್‌ವ್ಯೂ ಕಿಟಕಿಯಲ್ಲಿ ನೀವೇ ಮೊದಲು ಹೇಳಿ.

ಈಗ ಗಂಡನ ಹೆಸರು ಸೇರಿಸಲು ಪಾಸ್‌ಪೋರ್ಟ್ ಬದಲಿಸಬೇಡಿ. ಅದು ವೀಸಾಕ್ಕೆ ಬೇಕಾಗಿಯೇ ಇಲ್ಲ. ನಡುವೆ ನಂಬರ್ ಬದಲಾದರೆ ಫೈಲಿನ ಎಲ್ಲ ಕಡೆ ವ್ಯತ್ಯಾಸ ಬರುತ್ತದೆ.

ಮದುವೆಗೆ ಸಬ್‌ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಪತ್ರ ಬೇಕು. ದೇವಸ್ಥಾನದ ರಶೀದಿ, ಮದುವೆ ಹಾಲ್‌ನ ಬಿಲ್ಲು ಪೂರಕ ಸಾಕ್ಷ್ಯ ಅಷ್ಟೆ. ಕನ್ನಡದಲ್ಲಿರುವ ಪ್ರತಿ ದಾಖಲೆಗೂ ಇಂಗ್ಲಿಷ್ ಅನುವಾದ ಇರಬೇಕು. ಎರಡೂ ಭಾಷೆ ಗೊತ್ತು, ಅನುವಾದ ಸರಿಯಾಗಿದೆ ಎಂದು ಅನುವಾದಕರು ಬರೆದು ಸಹಿ ಹಾಕಿರಬೇಕು.

ಕಾಪುವಿನಿಂದ:
ದುಬೈ ವಿಷಯ ಯಾರೂ ಹೇಳಲಿಲ್ಲ. 16 ವರ್ಷ ದಾಟಿದ ಮೇಲೆ ಬೇರೆ ದೇಶದಲ್ಲಿ 12 ತಿಂಗಳು ಅಥವಾ ಹೆಚ್ಚು ಇದ್ದರೆ ಆ ದೇಶದ ಪೊಲೀಸ್ ಪ್ರಮಾಣಪತ್ರವೂ ಬೇಕು. ಎರಡು ವರ್ಷ ಇದ್ದವರಿಗೆ ಯುಎಇಯದ್ದು ಖಂಡಿತ ಬೇಕು. ಹಳೆಯ ಎಮಿರೇಟ್ಸ್ ಐಡಿ, ವೀಸಾ ಪುಟದ ಪ್ರತಿ ಇದ್ದರೆ ಹುಡುಕಿ ತೆಗೆಯಿರಿ, ಅರ್ಜಿಗೆ ಅದು ಬೇಕಾಗುತ್ತದೆ. ಇಲ್ಲಿನ ಪೊಲೀಸ್ ಪ್ರಮಾಣಪತ್ರ (ಪಿಸಿಸಿ) ಪಾಸ್‌ಪೋರ್ಟ್ ಸೇವೆಯ ಮೂಲಕ, ಶುಲ್ಕ 500 ರೂಪಾಯಿ. ಪಾಸ್‌ಪೋರ್ಟಿನ ವಿಳಾಸ ತವರಿನದ್ದು, ಈಗ ಇರುವುದು ಬೇರೆ ಕಡೆ ಎಂದಾದರೆ ಠಾಣೆಯ ಪರಿಶೀಲನೆಗೆ ದಿನ ಹಿಡಿಯುತ್ತದೆ. ಎನ್‌ವಿಸಿಗೆ (ಇಂಟರ್‌ವ್ಯೂಗೆ ಮೊದಲು ಕಾಗದ ನೋಡುವ ಅಮೆರಿಕದ ವೀಸಾ ಕೇಂದ್ರ) ಅಪ್‌ಲೋಡ್ ಮಾಡಿದ ಪಿಸಿಸಿಗೆ ಎರಡು ವರ್ಷ ದಾಟಿದ್ದರೆ ಹೊಸತು ಮಾಡಿಸಿ.

ಅಪ್‌ಲೋಡ್ ಮಾಡಿದ ಎಲ್ಲದರ ಅಸಲನ್ನೂ ಕೊಂಡುಹೋಗಬೇಕು. ಸ್ಕ್ಯಾನ್ ಕಳಿಸಿದೆವಲ್ಲ, ಅದೇ ಸಾಕು ಎಂದು ಹಲವರು ಬಿಟ್ಟು ಹೋಗುತ್ತಾರೆ.

ಕುಂದಾಪುರದಿಂದ:
ಭಾವನ ಕಡೆಯಿಂದ ಐ-864 (ತಂಗಿಯ ಖರ್ಚಿನ ಹೊಣೆ ಹೊರುವ ಪ್ರಾಯೋಜಕರ ಪತ್ರ) ನೋಡಿದ್ದೀರಾ? ಅವರ ಆದಾಯ ಮನೆಯ ಒಟ್ಟು ಜನರ ಲೆಕ್ಕದಲ್ಲಿ ಅಮೆರಿಕ ಸರಕಾರದ ಬಡತನ ರೇಖೆಯ 125 ಪ್ರತಿಶತಕ್ಕೆ ಕಡಿಮೆಯಾಗಬಾರದು. ಲೆಕ್ಕದಲ್ಲಿ ತಂಗಿಯನ್ನೂ ಸೇರಿಸಬೇಕು. ಆ ಮೊತ್ತ ವರ್ಷವರ್ಷವೂ ಬದಲಾಗುತ್ತದೆ. ಕಡಿಮೆಯಾದರೆ ಜಂಟಿ ಪ್ರಾಯೋಜಕರು ಬೇಕು. ಅವರು ಅಮೆರಿಕದಲ್ಲೇ ನೆಲೆಸಿದ ಪ್ರಜೆ ಅಥವಾ ಗ್ರೀನ್ ಕಾರ್ಡಿನವರಾಗಿರಬೇಕು. ಊರಲ್ಲಿರುವ ಮಾವನವರ ಜಾಗ, ಬ್ಯಾಂಕ್ ಪುಸ್ತಕ ಈ ಆದಾಯದ ಜಾಗದಲ್ಲಿ ನಿಲ್ಲುವುದಿಲ್ಲ. ಕಳಿಸಿದ ನಂತರ ಹೊಸ ತೆರಿಗೆ ವರ್ಷ ಬಂದಿದ್ದರೆ ಹೊಸ ಐಆರ್‌ಎಸ್ ಟ್ರಾನ್ಸ್‌ಕ್ರಿಪ್ಟ್ (ಅಮೆರಿಕದ ತೆರಿಗೆ ಇಲಾಖೆಯ ದಾಖಲೆ), ಇತ್ತೀಚಿನ ಸಂಬಳದ ಚೀಟಿಗಳನ್ನು ತರಿಸಿಕೊಳ್ಳಿ. ಭಾವ ಈ ನಡುವೆ ಕೆಲಸ ಬದಲಿಸಿದ್ದರೆ ಹೊಸ ಕಂಪನಿಯ ಪತ್ರವೂ ಬೇಕು.

ಬಂಟ್ವಾಳದಿಂದ:
ಇಂಟರ್‌ವ್ಯೂ ದಿನದ ಬಗ್ಗೆ. ಕಾನ್ಸುಲೇಟ್ ಇರುವುದು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿ. ಮತ್ಸ್ಯಗಂಧ ರೈಲಿನಲ್ಲಿ ಹೋದರೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ ಇಳಿಯುತ್ತೀರಿ, ಅಲ್ಲಿಂದ ದೂರವಿಲ್ಲ. ಆದರೆ ಬೆಳಿಗ್ಗೆ ಇಳಿದು ಅದೇ ದಿನ ಇಂಟರ್‌ವ್ಯೂಗೆ ಹೋಗುವ ಲೆಕ್ಕ ಹಾಕಬೇಡಿ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ, ಗುಡ್ಡ ಜರಿದರೆ ಗಂಟೆಗಟ್ಟಲೆ ನಿಲ್ಲುತ್ತದೆ. ಬಜ್ಪೆಯಿಂದ ವಿಮಾನವಾದರೂ ಮಂಜು, ಮಳೆಗೆ ತಡವಾಗುತ್ತದೆ. ಒಂದು ದಿನ ಮೊದಲೇ ಮುಂಬೈಯಲ್ಲಿರಿ.

ಫೋನ್, ಲ್ಯಾಪ್‌ಟಾಪ್, ದೊಡ್ಡ ಚೀಲ ಒಳಗೆ ಬಿಡುವುದಿಲ್ಲ. ಜೊತೆಗೆ ಬಂದವರ ಕೈಯಲ್ಲಿ ಕೊಟ್ಟು ಹೋಗಬೇಕು. ಫೋಟೋ 2 ಇಂಚು ಚೌಕ, ಬಿಳಿ ಹಿನ್ನೆಲೆ, ಕನ್ನಡಕ ಇಲ್ಲದ್ದು. ಒಳಗೆ ಮೊದಲು ಕಾಗದ ತೆಗೆದುಕೊಳ್ಳುವ ಕಿಟಕಿ, ನಂತರ ಅಧಿಕಾರಿ. ಸತ್ಯವನ್ನೇ ಹೇಳುತ್ತೇನೆ ಎಂದು ಕೈ ಎತ್ತಿ ಪ್ರಮಾಣ ಮಾಡಿಸಿ ಮಾತು ಶುರು ಮಾಡುತ್ತಾರೆ. ಹೇಗೆ ಪರಿಚಯ, ಸಂಬಂಧ ತಂದವರು ಯಾರು, ಗಂಡನ ಕೆಲಸ ಏನು, ಯಾವ ಊರು, ಮದುವೆಯಾದ ಮೇಲೆ ಎಷ್ಟು ಸಲ ಭೇಟಿ, ಹಿಂದೆ ವೀಸಾ ನಿರಾಕರಣೆ ಆಗಿತ್ತಾ, ಇಬ್ಬರಲ್ಲಿ ಯಾರಿಗಾದರೂ ಮೊದಲ ಮದುವೆ ಇತ್ತಾ ಎನ್ನುವಂಥವೇ ಪ್ರಶ್ನೆಗಳು. ಉತ್ತರ ಬಾಯಿಪಾಠ ಮಾಡಿಸಬೇಡಿ. ಅದರ ಬದಲು ಐ-130 (ಹೆಂಡತಿಗಾಗಿ ಗಂಡ ಹಾಕಿದ ಮೊದಲ ಅರ್ಜಿ), ಡಿಎಸ್-260 ಪ್ರತಿಗಳನ್ನು ತಂಗಿಗೆ ಓದಿಸಿ. ಹೆಚ್ಚಿನ ಸಲ ಆ ಅರ್ಜಿ ತುಂಬಿಸಿದವರು ಗಂಡ ಅಥವಾ ವಕೀಲರು, ಹೆಂಡತಿ ಅದನ್ನು ನೋಡಿರುವುದೇ ಇಲ್ಲ. ಅಧಿಕಾರಿಯ ಎದುರು ಇರುವುದು ಅದೇ ಕಾಗದ.

ಮದುವೆಯ ಆಲ್ಬಮ್ ಇಡೀ ಹೊತ್ತುಕೊಂಡು ಹೋಗುವುದು ಬೇಡ. ಎರಡೂ ಮನೆಯವರು ಕಾಣುವ 15-20 ಫೋಟೋ ಸಾಕು, ಹಿಂದೆ ದಿನಾಂಕ, ಜಾಗ ಬರೆದಿಡಿ. ಭಾವ ಊರಿಗೆ ಬಂದುಹೋದ ಟಿಕೆಟ್, ಪಾಸ್‌ಪೋರ್ಟ್ ಸೀಲಿನ ಪ್ರತಿ ಅದಕ್ಕಿಂತ ಗಟ್ಟಿ ಸಾಕ್ಷ್ಯ.

ಕೇಳಿದವರು, ಉಡುಪಿ:
ತುಂಬ ಉಪಕಾರ ಆಯ್ತು. ಭಾವ ಬರಲೇಬೇಕಾ? 221(ಜಿ) ಅಂತ ಚೀಟಿ ಕೊಟ್ಟರೆ ವೀಸಾ ಹೋಯಿತು ಅಂತಲಾ?

ಕದ್ರಿಯಿಂದ:
ಭಾವ ಬರಲೇಬೇಕು ಅಂತ ಇಲ್ಲ. 221(ಜಿ) ಅಂದರೆ ಕಾಗದ ಬಾಕಿ ಉಂಟು ಅಥವಾ ಪರಿಶೀಲನೆ ಮುಗಿದಿಲ್ಲ ಅಂತ. ಆನ್‌ಲೈನ್ ಸ್ಟೇಟಸ್‌ನಲ್ಲಿ ಆಗ ನಿರಾಕರಿಸಲಾಗಿದೆ ಎಂದೇ ಕಾಣುತ್ತದೆ, ನೋಡಿ ಹೆದರಬೇಡಿ. ಚೀಟಿಯಲ್ಲಿ ಕೇಳಿದ್ದನ್ನು ಒಂದು ವರ್ಷದೊಳಗೆ ಕೊಡಬೇಕು, ಬಿಟ್ಟರೆ ಅರ್ಜಿ ಹೋಗುತ್ತದೆ.

ಸುರತ್ಕಲ್‌ನಿಂದ:
ವೀಸಾ ಕೈಗೆ ಬಂದ ಮೇಲೆ ಗ್ರೀನ್ ಕಾರ್ಡಿನ ಯುಎಸ್‌ಸಿಐಎಸ್ (ಅಮೆರಿಕದ ವಲಸೆ ಇಲಾಖೆ) ಶುಲ್ಕ 235 ಡಾಲರ್ ಆನ್‌ಲೈನಿನಲ್ಲಿ ಕಟ್ಟಿ, ಅದನ್ನು ಕಟ್ಟುವವರೆಗೆ ಕಾರ್ಡ್ ಬರುವುದಿಲ್ಲ. ಸೀಲು ಮಾಡಿದ ಲಕೋಟೆ ಕೊಟ್ಟರೆ ಒಡೆಯದೆ ಕೈಚೀಲದಲ್ಲಿಡಿ. ಮದುವೆಗೆ 2 ವರ್ಷ ತುಂಬುವ ಮೊದಲು ಅಲ್ಲಿ ಇಳಿದರೆ ಕಾರ್ಡಿಗೆ 2 ವರ್ಷದ ಅವಧಿ. ಅದು ಮುಗಿಯುವ ಮೊದಲಿನ 90 ದಿನಗಳೊಳಗೆ ಇಬ್ಬರೂ ಸೇರಿ ಐ-751 (ಕಾರ್ಡಿನ ಷರತ್ತು ತೆಗೆಸುವ ಅರ್ಜಿ) ಹಾಕಬೇಕು, ಆ ದಿನಾಂಕವನ್ನು ಇಬ್ಬರೂ ಈಗಲೇ ಬರೆದಿಟ್ಟುಕೊಳ್ಳಲಿ.